ನೆಲಕ್ಕಿಳಿದ ಆಕಾಶಗಂಗೆ: ನಮ್‌ವೊನ್‌ನ ಗ್ವಾಂಗ್‌ಹಲ್ಲು ಉದ್ಯಾನಕ್ಕೆ ಹೋಗುವವರಿಗೆ

ದಕ್ಷಿಣ ಕೊರಿಯಾದ ನಮ್‌ವೊನ್ ಊರಿನಲ್ಲಿರುವ ಗ್ವಾಂಗ್‌ಹಲ್ಲು ಉದ್ಯಾನವನ್ನು ನಲವತ್ತು ನಿಮಿಷದಲ್ಲಿ ನೋಡಿ ಮುಗಿಸಬಹುದು. ಬಹಳ ಜನ ಹಾಗೇ ನೋಡುತ್ತಾರೆ. ಮಧ್ಯಾಹ್ನ ಬಸ್ಸಿನಿಂದಿಳಿದು, ಕಲ್ಲಿನ ಸೇತುವೆಯ ಮೇಲೆ ಫೋಟೊ ತೆಗೆಸಿಕೊಂಡು, ಕೊಳದ ಮೀನುಗಳಿಗೆ ತಿಂಡಿ ಎಸೆದು ಊಟಕ್ಕೆ ಹೊರಟುಬಿಡುತ್ತಾರೆ. ನಾನೂ ಮೊದಲ ಸಲ ಹೋದದ್ದು ಹಾಗೆಯೇ. ಕೊರಿಯನ್ ಧಾರಾವಾಹಿಗಳಲ್ಲಿ ಕಂಡ ಚೆಂದದ ಹಿನ್ನೆಲೆಯೊಂದನ್ನು ಕಣ್ಣಾರೆ ಕಂಡೆ ಅನ್ನುವಷ್ಟಕ್ಕೇ ತೃಪ್ತಿಪಟ್ಟು ಬಂದಿದ್ದೆ. ಎರಡನೇ ಸಲ ಕಥೆಯನ್ನು ಪೂರ್ತಿ ತಿಳಿದುಕೊಂಡು, ಹುಣ್ಣಿಮೆಯ ಹಿಂದಿನ ಸಂಜೆ ಹೋದೆ. ಆಗ ಗೊತ್ತಾಯಿತು: ಇದನ್ನು ಕಟ್ಟಿದವರ ಮನಸ್ಸಿನಲ್ಲಿದ್ದದ್ದು ಚಂದ್ರಲೋಕ. ಕೊಳವೇ ಆಕಾಶಗಂಗೆ, ಮಹಡಿಯ ಮಂಟಪವೇ ಚಂದ್ರನ ಅರಮನೆ. ಅದನ್ನು ನಡುಹಗಲಲ್ಲಿ ನೋಡಿ ಬಂದರೆ ಅರ್ಧ ನೋಡಿದಂತೆ.

ಆದ್ದರಿಂದ ಈ ಬರಹವನ್ನು ಒಂದು ಸಂಜೆಯ ಸುತ್ತ ಹೆಣೆದಿದ್ದೇನೆ. ಹೊರಡುವ ಮುಂಚಿನ ತಯಾರಿಯಿಂದ ಶುರುಮಾಡೋಣ.

ಮೊದಲು ಕಥೆ ತಿಳಿದುಕೊಳ್ಳಿ

ಟಿಕೆಟ್ಟಿಗಿಂತ ಮುಂಚೆ ಬೇಕಾದದ್ದು ಛುನ್‌ಹ್ಯಾಂಗಳ ಕಥೆ. ಕೊರಿಯಾದಲ್ಲಿ ಈ ಕಥೆ ಗೊತ್ತಿಲ್ಲದ ಮಗುವಿಲ್ಲ. ನಮ್ಮಲ್ಲಿ ನಳ ದಮಯಂತಿಯರ ಕಥೆ ಇದ್ದ ಹಾಗೆ. ಉದ್ಯಾನದ ಒಂದೊಂದು ಮೂಲೆಯೂ ಇದರ ಒಂದೊಂದು ಪ್ರಸಂಗಕ್ಕೆ ಅಂಟಿಕೊಂಡಿದೆ.

ಕಾಲ ಜೋಸೊನ್ ರಾಜರದು. ನಮ್‌ವೊನ್‌ನ ಆಡಳಿತಾಧಿಕಾರಿಯ ಮಗ ಲೀ ಮೊಂಗ್‌ರ್ಯೊಂಗ್ ಒಂದು ದಿನ ಪುಸ್ತಕ ಮಡಚಿಟ್ಟು, ಬಂಗ್ಜಾ ಎಂಬ ಆಳನ್ನು ಕರೆದುಕೊಂಡು ಗ್ವಾಂಗ್‌ಹಲ್ಲು ಮಂಟಪಕ್ಕೆ ಬರುತ್ತಾನೆ. ಅವತ್ತು ದಾನೊ ಹಬ್ಬ, ಅಂದರೆ ಐದನೇ ಚಾಂದ್ರಮಾಸದ ಐದನೇ ದಿನ. ಹೆಣ್ಣುಮಕ್ಕಳು ಮರಕ್ಕೆ ಉಯ್ಯಾಲೆ ಕಟ್ಟಿ ನಿಂತು ಜೀಕುವ ಹಬ್ಬ. ಪಂಚಮಿಯಲ್ಲಿ ತವರಿಗೆ ಬಂದು ಜೋಕಾಲಿ ಜೀಕುವುದನ್ನು ಕಂಡ ಉತ್ತರ ಕರ್ನಾಟಕದವರಿಗೆ ಈ ಚಿತ್ರವನ್ನು ಬಿಡಿಸಿ ಹೇಳಬೇಕಾಗಿಲ್ಲ. ದೂರದಲ್ಲಿ ಹಸಿರಿನ ನಡುವೆ ಮೇಲೇರಿ ಕೆಳಗಿಳಿಯುವ ಹುಡುಗಿಯೊಬ್ಬಳನ್ನು ಅವನು ಕಾಣುತ್ತಾನೆ. ಅವಳೇ ಛುನ್‌ಹ್ಯಾಂಗ್. ಹೆಸರಿನ ಅರ್ಥ ವಸಂತದ ಪರಿಮಳ. ಇಬ್ಬರಿಗೂ ಹದಿನಾರರ ಆಸುಪಾಸು.

ಅವಳ ತಾಯಿ ವೊಲ್ಮೆ ಹಿಂದೆ ಗಿಸೆಂಗ್ ಆಗಿದ್ದವಳು. ಗಿಸೆಂಗ್ ಅಂದರೆ ಹಾಡು ಕುಣಿತ ಕಲಿತು, ಸರ್ಕಾರಿ ದಫ್ತರದಲ್ಲಿ ಹೆಸರು ನಮೂದಾಗಿ, ಅಧಿಕಾರಿಗಳ ಮುಂದೆ ಸೇವೆಗೆ ನಿಲ್ಲಬೇಕಾದ ಹೆಣ್ಣು. ಅಂದಿನ ಕಟ್ಟಳೆಯಲ್ಲಿ ಮಕ್ಕಳಿಗೆ ತಾಯಿಯ ಅಂತಸ್ತೇ ಬರುತ್ತಿತ್ತು. ತಂದೆ ದೊಡ್ಡ ಮನೆತನದವನಾದರೂ ಗಿಸೆಂಗಳ ಮಗಳು ಕೆಳಗಿನವಳೇ. ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಇಲ್ಲದಿದ್ದರೆ ಇದು ಬರೀ ಪ್ರೇಮಕಥೆಯಾಗಿ ಕಾಣುತ್ತದೆ.

ಇಬ್ಬರೂ ಗುಟ್ಟಾಗಿ ಮದುವೆಯಾಗುತ್ತಾರೆ. ಅಷ್ಟರಲ್ಲಿ ಮೊಂಗ್‌ರ್ಯೊಂಗನ ತಂದೆಗೆ ರಾಜಧಾನಿಗೆ ವರ್ಗವಾಗುತ್ತದೆ, ಹುಡುಗನೂ ಹೊರಡಬೇಕಾಗುತ್ತದೆ. ಹೊಸ ಅಧಿಕಾರಿಯಾಗಿ ಬಂದವನು ಬ್ಯೊನ್ ಹಕ್‌ದೋ. ಬಂದವನೇ ಗಿಸೆಂಗರ ಪಟ್ಟಿ ತರಿಸಿ, ಛುನ್‌ಹ್ಯಾಂಗಳನ್ನು ಹಾಸಿಗೆಗೆ ಕರೆಯುತ್ತಾನೆ. ಅವಳು ಒಲ್ಲೆ ಅನ್ನುತ್ತಾಳೆ. ಗಿಸೆಂಗಳ ಮಗಳಿಗೆ ಒಲ್ಲೆ ಅನ್ನುವ ಹಕ್ಕೇ ಇಲ್ಲದ ಕಾಲದಲ್ಲಿ ಆಡಿದ ಮಾತು ಅದು. ಅವಳನ್ನು ಹೊಡೆಸಿ ಸೆರೆಮನೆಗೆ ಹಾಕುತ್ತಾರೆ. ಆ ಏಟುಗಳ ಹಾಡು ಬಹಳ ಪ್ರಸಿದ್ಧ: ಒಂದನೇ ಏಟಿಗೆ ಒಂದು ಎಂಬ ಸಂಖ್ಯೆಯಿಂದ, ಎರಡನೆಯದಕ್ಕೆ ಎರಡರಿಂದ ಶುರುವಾಗುವ ಉತ್ತರ ಕೊಡುತ್ತಾ ಹತ್ತರವರೆಗೂ ಹೋಗುತ್ತಾಳೆ.

ಇತ್ತ ಮೊಂಗ್‌ರ್ಯೊಂಗ್ ರಾಜಪರೀಕ್ಷೆಯಲ್ಲಿ ಮೊದಲಿಗನಾಗಿ ಗೆದ್ದು, ರಾಜನ ಗುಪ್ತ ತನಿಖಾಧಿಕಾರಿಯಾಗುತ್ತಾನೆ. ಹರಕು ಬಟ್ಟೆಯಲ್ಲಿ ಭಿಕ್ಷುಕನ ವೇಷ ತೊಟ್ಟು ನಮ್‌ವೊನ್‌ಗೆ ಬರುತ್ತಾನೆ. ಬ್ಯೊನ್ ಹಕ್‌ದೋನ ಹುಟ್ಟುಹಬ್ಬದ ಔತಣದಲ್ಲಿ ಒಂದು ತುತ್ತು ಕೇಳಿ ಕುಳಿತು, ಬದಲಿಗೆ ಒಂದು ಪದ್ಯ ಬರೆದು ಕೊಡುತ್ತಾನೆ. ಚಿನ್ನದ ಪಾತ್ರೆಯ ಮದಿರೆ ಸಾವಿರ ಜನರ ನೆತ್ತರು, ಹರಳಿನ ತಟ್ಟೆಯ ಭಕ್ಷ್ಯ ಪ್ರಜೆಗಳ ಕೊಬ್ಬು, ಮೇಣದ ಬತ್ತಿ ಕರಗಿ ತೊಟ್ಟಿಕ್ಕಿದಾಗ ಜನರ ಕಣ್ಣೀರೂ ತೊಟ್ಟಿಕ್ಕುತ್ತದೆ, ಹಾಡು ಏರಿದಲ್ಲಿ ಗೋಳಿನ ದನಿಯೂ ಏರುತ್ತದೆ ಎಂಬುದು ಅದರ ಸಾರ. ಓದಿದವರಲ್ಲಿ ಬುದ್ಧಿಯಿದ್ದವರು ಮೆಲ್ಲನೆ ಜಾಗ ಖಾಲಿ ಮಾಡುತ್ತಾರೆ. ಆಮೇಲೆ "ಅಮ್ಹೆಂಗ್ ಒಸಾ ಛುಲ್ದೋಯೊ!" ಎಂಬ ಕೂಗು. ಗುಪ್ತ ಅಧಿಕಾರಿ ಬಂದಿದ್ದಾನೆ ಎಂದರ್ಥ. ಐತಿಹಾಸಿಕ ಧಾರಾವಾಹಿ ನೋಡುವವರು ಈ ಕೂಗನ್ನು ಒಮ್ಮೆಯಾದರೂ ಕೇಳಿರುತ್ತೀರಿ. ಅದನ್ನು ಜನರ ಬಾಯಲ್ಲಿ ನಿಲ್ಲಿಸಿದ್ದು ಈ ಕಥೆ.

ಸಮಯವಿದ್ದರೆ ಇಮ್ ಕ್ವೊನ್‌ತೆಕ್ ನಿರ್ದೇಶನದ 2000ನೇ ಇಸವಿಯ ಛುನ್‌ಹ್ಯಾಂಗ್ ಚಿತ್ರ ನೋಡಿ ಹೊರಡಿ. ಕಾನ್ ಚಿತ್ರೋತ್ಸವದ ಮುಖ್ಯ ಸ್ಪರ್ಧೆಗೆ ಹೋದ ಮೊದಲ ಕೊರಿಯನ್ ಚಿತ್ರ ಅದು. ಕಥೆ ಸಾಗುವುದು ಪಾನ್ಸೊರಿ, ಅಂದರೆ ಮದ್ದಳೆಯ ಜೊತೆ ಒಬ್ಬರೇ ಇಡೀ ಕಥೆ ಹಾಡಿ ಹೇಳುವ ಹಾಡುಗಾರಿಕೆಯ ಮೇಲೆಯೇ. ಇದೇ ಕಥೆಯನ್ನು ಇಂದಿನ ಶಾಲಾ ಹುಡುಗ ಹುಡುಗಿಯರಿಗೆ ಹೊಂದಿಸಿ ಕೆಬಿಎಸ್ ವಾಹಿನಿ 2005ರಲ್ಲಿ ಧಾರಾವಾಹಿ ಮಾಡಿತ್ತು. ಹಗುರವಾದದ್ದು ಬೇಕೆಂದರೆ ಅದೂ ಆದೀತು.

ದಿನ ಆರಿಸುವಾಗ ಪಂಚಾಂಗ ತೆಗೆಯಿರಿ

ನನ್ನ ಸಲಹೆ ಹುಣ್ಣಿಮೆಯ ಹಿಂದಿನ ದಿನ, ಅಂದರೆ ಚತುರ್ದಶಿ. ಹುಣ್ಣಿಮೆಯ ದಿನ ಚಂದ್ರ ಮೂಡುವುದು ಸೂರ್ಯ ಮುಳುಗುವ ಹೊತ್ತಿಗೆ. ಸುತ್ತ ಮರ, ಸೂರು, ಗೋಡೆಗಳಿರುವಲ್ಲಿ ಅವನು ಕಣ್ಣಿಗೆ ಬೀಳುವಷ್ಟರಲ್ಲಿ ತಡವಾಗಿಬಿಡುತ್ತದೆ. ಹಿಂದಿನ ದಿನವಾದರೆ ಬೆಳಕಿರುವಾಗಲೇ ಮೂಡಿ, ಕತ್ತಲಾಗುವಷ್ಟರಲ್ಲಿ ಹೆಂಚಿನ ಮೇಲೆ ಬಂದಿರುತ್ತಾನೆ. ಕೊಳದಲ್ಲೂ ಕಾಣುತ್ತಾನೆ.

ಋತುವಿನ ವಿಚಾರಕ್ಕೆ ಬಂದರೆ, ಏಪ್ರಿಲ್ ಮೊದಲ ವಾರಗಳಲ್ಲಿ ಉದ್ಯಾನದ ಮುಂದೆ ಹರಿಯುವ ಯೋಛೊನ್ ಹೊಳೆಯ ದಂಡೆಯುದ್ದಕ್ಕೂ ಚೆರಿ ಹೂ ಅರಳುತ್ತದೆ. ಮೇ ತಿಂಗಳಲ್ಲಿ ಛುನ್‌ಹ್ಯಾಂಗ್ ಹಬ್ಬ. ಇದು ಶುರುವಾದದ್ದು 1931ರಲ್ಲಿ, ಜಪಾನಿನ ಆಳ್ವಿಕೆ ಇದ್ದಾಗ. ಆಗಿನಿಂದ ನಡೆದುಕೊಂಡು ಬಂದಿರುವ ಈ ಹಬ್ಬದಲ್ಲಿ ಪಾನ್ಸೊರಿ ಸ್ಪರ್ಧೆ, ಮೆರವಣಿಗೆ, ಉಯ್ಯಾಲೆ ಎಲ್ಲ ಇರುತ್ತವೆ. ಹಾಡು ಕೇಳುವ ಆಸೆಯಿದ್ದವರು ಆಗ ಹೋಗಲಿ. ಉದ್ಯಾನವನ್ನು ನೆಮ್ಮದಿಯಾಗಿ ನೋಡುವ ಆಸೆಯಿದ್ದವರು ಆ ವಾರ ತಪ್ಪಿಸಲಿ. ಜೂನ್ ಕೊನೆಯಿಂದ ಜುಲೈವರೆಗೆ ಅಲ್ಲಿನ ಮಳೆಗಾಲ. ನವೆಂಬರ್ ಆರಂಭದಲ್ಲಿ ಎಲೆಗಳು ಕೆಂಪಾಗುತ್ತವೆ, ಗಾಳಿ ತಿಳಿಯಾಗಿರುತ್ತದೆ. ನನಗೆ ಅತ್ಯಂತ ಇಷ್ಟವಾದ ಕಾಲ ಅದೇ. ಛುಸೊಕ್ ಹಬ್ಬದ ಹುಣ್ಣಿಮೆ ಮಾತ್ರ ಬೇಡ. ಇಡೀ ದೇಶ ಊರಿಗೆ ಹೊರಟಿರುತ್ತದೆ, ರೈಲಿನಲ್ಲಿ ಸೀಟು ಸಿಗುವುದಿಲ್ಲ.

ತಲುಪುವ ದಾರಿ

ಭಾರತದ ಪಾಸ್‌ಪೋರ್ಟ್ ಇರುವವರು ಮುಂಚೆಯೇ ವೀಸಾ ಮಾಡಿಸಬೇಕು. ಕೆ-ಇಟಿಎ ಎಂಬ ಆನ್‌ಲೈನ್ ಪರವಾನಗಿ ವೀಸಾ ವಿನಾಯಿತಿ ಇರುವ ದೇಶಗಳವರಿಗೆ ಮಾತ್ರ, ನಮಗೆ ಅನ್ವಯಿಸುವುದಿಲ್ಲ. ಅದರ ಹೆಸರಲ್ಲಿ ದುಡ್ಡು ಕೇಳುವ ಜಾಲತಾಣಗಳಿಗೆ ಕಟ್ಟಬೇಡಿ. ಬ್ಯಾಂಕ್ ಸ್ಟೇಟ್‌ಮೆಂಟ್, ಆದಾಯ ತೆರಿಗೆ ರಿಟರ್ನ್ಸ್, ರಜೆಯ ಪತ್ರ ಇವನ್ನೆಲ್ಲ ಒಂದೆರಡು ತಿಂಗಳ ಮುಂಚೆ ಜೋಡಿಸಿಕೊಳ್ಳಿ.

ಸೋಲ್‌ನ ಯೊಂಗ್‌ಸಾನ್ ನಿಲ್ದಾಣದಿಂದ ಯೊಸು ಕಡೆಗೆ ಹೋಗುವ ಕೆಟಿಎಕ್ಸ್ ರೈಲು ಹತ್ತಿದರೆ ನಮ್‌ವೊನ್‌ಗೆ ಎರಡು ಗಂಟೆಯ ಆಸುಪಾಸು. ಸೋಲ್‌ನ ದಕ್ಷಿಣ ಭಾಗದಲ್ಲಿ ಉಳಿದುಕೊಂಡವರು ಸುಸೊ ನಿಲ್ದಾಣದಿಂದ ಎಸ್‌ಆರ್‌ಟಿ ಹಿಡಿಯಬಹುದು, 2023ರ ಸೆಪ್ಟೆಂಬರಿನಿಂದ ಅದೂ ಈ ಮಾರ್ಗದಲ್ಲಿ ಓಡುತ್ತಿದೆ. ಬಸ್ಸಿನಲ್ಲಿ ಸುಮಾರು ಮೂರು ಗಂಟೆ. ಜೊನ್‌ಜು ನೋಡಿಕೊಂಡು ಬರುವವರಿಗೆ ಅಲ್ಲಿಂದ ರೈಲಿನಲ್ಲಿ ಅರ್ಧ ಗಂಟೆಯೂ ಹಿಡಿಯುವುದಿಲ್ಲ.

ನಮ್‌ವೊನ್ ರೈಲು ನಿಲ್ದಾಣ ಊರ ಹೊರಗಿದೆ. ಉದ್ಯಾನಕ್ಕೆ ಟ್ಯಾಕ್ಸಿಯಲ್ಲಿ ಹತ್ತು ನಿಮಿಷ. ಸಣ್ಣ ಊರಾದ್ದರಿಂದ ಇಂಗ್ಲಿಷ್ ನಂಬಿಕೊಂಡು ಹೋಗಬೇಡಿ. ಉದ್ಯಾನದ ಹೆಸರನ್ನೂ ಉಳಿಯುವ ಜಾಗದ ವಿಳಾಸವನ್ನೂ ಕೊರಿಯನ್ ಲಿಪಿಯಲ್ಲಿ ಮೊಬೈಲಿನಲ್ಲಿ ಚಿತ್ರವಾಗಿ ಉಳಿಸಿಕೊಂಡು ಚಾಲಕರಿಗೆ ತೋರಿಸಿ. ದಾರಿ ಹುಡುಕಲು ಗೂಗಲ್ ಮ್ಯಾಪ್‌ಗಿಂತ ನೇವರ್ ಮ್ಯಾಪ್ ಹೆಚ್ಚು ಕೆಲಸಕ್ಕೆ ಬರುತ್ತದೆ. ಆ ರಾತ್ರಿ ನಮ್‌ವೊನ್‌ನಲ್ಲೇ ಉಳಿಯಿರಿ. ಕೊನೆಯ ರೈಲಿನ ಚಿಂತೆ ತಲೆಯಲ್ಲಿದ್ದರೆ ಚಂದ್ರನನ್ನು ನೋಡಲಾಗುವುದಿಲ್ಲ.

ಪ್ರವೇಶ ಶುಲ್ಕ ಕೆಲವು ಸಾವಿರ ವೊನ್. ಸಂಜೆಯ ಕೊನೆಯ ಅವಧಿಯಲ್ಲಿ ಉಚಿತವಾಗಿ ಬಿಡುವ ರೂಢಿಯಿದೆ, ಆದರೂ ಹಾಗೆ ಕಾಯಬೇಡಿ. ಸೂರ್ಯಾಸ್ತಕ್ಕೆ ಎರಡು ಗಂಟೆ ಮುಂಚೆ ಟಿಕೆಟ್ ತೆಗೆದುಕೊಂಡೇ ಒಳಗೆ ಹೋಗಿ. ಬಾಗಿಲು ಮುಚ್ಚುವ ಸಮಯ ಬೇಸಿಗೆ ಚಳಿಗಾಲಗಳಿಗೆ ಬೇರೆ ಬೇರೆ, ಹೋಗುವ ವಾರ ನೋಡಿಕೊಳ್ಳಿ. ಅಕ್ಕಪಕ್ಕದ ಅಂಗಡಿಗಳಲ್ಲಿ ಹಾನ್‌ಬೊಕ್ ಎಂಬ ಕೊರಿಯನ್ ಸಾಂಪ್ರದಾಯಿಕ ಉಡುಗೆ ಬಾಡಿಗೆಗೆ ಸಿಗುತ್ತದೆ. ಉಡುವ ಆಸೆಯಿದ್ದರೆ ಉಡಿ, ಆದರೆ ಉಯ್ಯಾಲೆ ಜೀಕಿದ ಮೇಲೆ.

ಒಳಗೆ ಹೋದ ಮೇಲೆ: ಮಂಟಪದಿಂದ ಶುರುಮಾಡಿ

ಹೊಳೆಯ ಕಡೆಯ ಮುಖ್ಯದ್ವಾರದಿಂದ ಒಳಗೆ ಬಂದ ಕೂಡಲೇ ಸೇತುವೆ ಕೈಬೀಸಿ ಕರೆಯುತ್ತದೆ. ಈಗಲೇ ದಾಟಬೇಡಿ. ಕೊಳದ ಅಂಚನ್ನು ಬಳಸಿಕೊಂಡು ಗ್ವಾಂಗ್‌ಹಲ್ಲು ಮಂಟಪದ ಮುಂದೆ ಹೋಗಿ ನಿಲ್ಲಿ. ಉದ್ಯಾನ ಬೆಳೆದದ್ದು ಅಲ್ಲಿಂದ.

ಮೊದಲು ಇಲ್ಲೊಂದು ಸಣ್ಣ ಮಂಟಪ ಕಟ್ಟಿಸಿದವನು ಹ್ವಾಂಗ್ ಹೀ. ಯುವರಾಜನನ್ನು ಪದಚ್ಯುತಿಗೊಳಿಸುವುದನ್ನು ವಿರೋಧಿಸಿ ಗಡೀಪಾರಾಗಿ ನಮ್‌ವೊನ್‌ಗೆ ಬಂದವನು 1419ರಲ್ಲಿ ಇದನ್ನು ಎಬ್ಬಿಸಿದ. ಇಟ್ಟ ಹೆಸರು ಗ್ವಾಂಗ್‌ತೊಂಗ್ನು. ಮುಂದೆ ಅದೇ ಮನುಷ್ಯ ಸೆಜೊಂಗ್ ದೊರೆಯ ಆಸ್ಥಾನದಲ್ಲಿ ಬಹುಕಾಲ ಪ್ರಧಾನಿಯಾಗಿ, ಕೊರಿಯನ್ನರು ಇಂದಿಗೂ ನೆನೆಯುವ ಆಡಳಿತಗಾರನಾದ. 1444ರಲ್ಲಿ ಇಲ್ಲಿಗೆ ಬಂದ ವಿದ್ವಾಂಸ ಜೊಂಗ್ ಇನ್‌ಜಿ ನೋಟಕ್ಕೆ ಬೆರಗಾಗಿ, ಇದು ಚಂದ್ರನಲ್ಲಿರುವ ಗ್ವಾಂಗ್‌ಹಾನ್ ಅರಮನೆಯ ಹಾಗಿದೆ ಎಂದು ಹೆಸರು ಬದಲಿಸಿದ. ಹಾಂಗ್-ಆ ಎಂಬ ದೇವಕನ್ಯೆ ವಾಸಿಸುವ, ವಿಶಾಲವಾದ, ತಣ್ಣನೆಯ ಅರಮನೆ ಅದು. ಕೊರಿಯನ್ ಲಿಪಿಯ ಮೂಲಗ್ರಂಥಕ್ಕೆ ಹಿನ್ನುಡಿ ಬರೆದವನೂ ಇದೇ ಜೊಂಗ್ ಇನ್‌ಜಿ.

ಹೆಸರು ಬಿದ್ದ ಮೇಲೆ ಅದಕ್ಕೆ ತಕ್ಕಂತೆ ಉಳಿದದ್ದೆಲ್ಲ ಬಂತು, ನನಗೆ ಅಚ್ಚರಿ ಎನಿಸುವುದು ಇದೇ. ಚಂದ್ರನ ಅರಮನೆ ಇದ್ದರೆ ಮುಂದೆ ಆಕಾಶಗಂಗೆ ಬೇಕಲ್ಲ? ಹೊಳೆಯ ನೀರು ತಿರುಗಿಸಿ ಕೊಳವಾಯಿತು. ಆಕಾಶಗಂಗೆಗೆ ಸೇತುವೆ ಬೇಕಲ್ಲ? ಅದೂ ಆಯಿತು. 1582ರ ಹೊತ್ತಿಗೆ ಪ್ರಾಂತ್ಯಾಧಿಕಾರಿಯಾಗಿದ್ದ ಕವಿ ಜೊಂಗ್ ಛೊಲ್ ಕೊಳದ ನಡುವೆ ಮೂರು ದ್ವೀಪ ಮಾಡಿಸಿದ. ಬೊಂಗ್ನೆ, ಬಾಂಗ್‌ಜಾಂಗ್, ಯೊಂಗ್‌ಜು ಎಂದು ಅವುಗಳ ಹೆಸರು. ಸಾವಿಲ್ಲದ ಸಿದ್ಧರು ಇರುತ್ತಾರೆಂದು ನಂಬಿದ ಮೂರು ಬೆಟ್ಟಗಳವು. ಕೊರಿಯನ್ನರು ಇವನ್ನು ತಮ್ಮ ಗುಮ್‌ಗಾಂಗ್, ಜಿರಿ, ಹಲ್ಲಾ ಬೆಟ್ಟಗಳೆಂದೇ ಗುರುತಿಸುತ್ತಾರೆ. ಒಂದು ದ್ವೀಪಕ್ಕೆ ಬಿದಿರು, ಇನ್ನೊಂದಕ್ಕೆ ನೂರು ದಿನ ಅರಳುತ್ತದೆಂದು ಹೆಸರು ಪಡೆದ ಕೆಂಪು ಹೂವಿನ ಮರ, ಮತ್ತೊಂದಕ್ಕೆ ಚಿಕ್ಕ ಮಂಟಪ. ಒಂದು ಹೆಸರಿನಿಂದ ಹುಟ್ಟಿ, ಒಂದೂವರೆ ಶತಮಾನ ಬೇರೆ ಬೇರೆ ಕೈಗಳಲ್ಲಿ ಬೆಳೆದ ತೋಟ ಇದು.

ಆ ಮಂಟಪ ಉಳಿಯಲಿಲ್ಲ. 1597ರಲ್ಲಿ ಜಪಾನಿನ ಸೈನ್ಯ ಎರಡನೇ ಸಲ ದಂಡೆತ್ತಿ ಬಂದಾಗ ನಮ್‌ವೊನ್ ಕೋಟೆ ಬಿತ್ತು, ಮಂಟಪ ಸುಟ್ಟುಹೋಯಿತು. ಆಗ ಸತ್ತ ಸೈನಿಕರೂ ಊರವರೂ ಸೇರಿ ಹತ್ತು ಸಾವಿರ ಎಂದು ಇಲ್ಲಿನವರು ಲೆಕ್ಕ ಹೇಳುತ್ತಾರೆ. ಅವರ ಸಾಮೂಹಿಕ ಸಮಾಧಿ ಊರಲ್ಲೇ ಇದೆ, ಮಾನಿನ್ ಉಯ್‌ಛೊಂಗ್ ಎಂದು ಕರೆಯುತ್ತಾರೆ. ಮರುದಿನ ಬೆಳಿಗ್ಗೆ ಅಲ್ಲಿಗೂ ಹೋಗಿ ಬನ್ನಿ. ಈಗ ಕಾಣುವ ಮಂಟಪ 17ನೇ ಶತಮಾನದಲ್ಲಿ ಮತ್ತೆ ಎಬ್ಬಿಸಿದ್ದು. ಕೊರಿಯಾ ಸರ್ಕಾರ ಇದನ್ನು 281ನೇ ಸಂಖ್ಯೆಯ ನಿಧಿ ಎಂದು 1963ರಲ್ಲಿ ಘೋಷಿಸಿತು, ಇಡೀ ಉದ್ಯಾನಕ್ಕೆ 2008ರಲ್ಲಿ ರಮ್ಯತಾಣದ ಮಾನ್ಯತೆ ಕೊಟ್ಟಿತು.

ಈಗ ಕಟ್ಟಡವನ್ನು ಒಂದು ಸುತ್ತು ಹಾಕಿ. ಹಿಂಬದಿಗೆ, ಅಂದರೆ ಉತ್ತರಕ್ಕೆ, ಮೆಟ್ಟಿಲಿರುವ ಸಣ್ಣ ಮೊಗಸಾಲೆಯೊಂದು ಅಂಟಿಕೊಂಡಿದೆ. ಅದು ಬರೀ ಅಂದಕ್ಕೆ ಬಂದದ್ದಲ್ಲ. 19ನೇ ಶತಮಾನದಲ್ಲಿ ಮಂಟಪ ಉತ್ತರಕ್ಕೆ ವಾಲತೊಡಗಿತು. ಅದಕ್ಕೆ ಊರುಗೋಲು ಕೊಡುವ ಬದಲು ಬಡಗಿಗಳು ಮೆಟ್ಟಿಲ ಮೊಗಸಾಲೆಯನ್ನೇ ಆನಿಸಿ ನಿಲ್ಲಿಸಿದರು. ಆಸರೆಯೂ ಆಯಿತು, ಏರುವ ದಾರಿಯೂ ಆಯಿತು. ಮಹಡಿಗೆ ಹತ್ತಲು ಸದಾ ಬಿಡುವುದಿಲ್ಲ, ಹಗ್ಗ ಕಟ್ಟಿದ್ದರೆ ಕೆಳಗಿನಿಂದಲೇ ನೋಡಿ. ಮೇಲಿನ ಫಲಕಗಳಲ್ಲಿ ಒಂದು 'ಹೊನಾಮ್ ಸೀಮೆಯ ಮೊದಲ ಮಂಟಪ' ಎಂದು ಚೀನೀ ಅಕ್ಷರಗಳಲ್ಲಿ ಸಾರುತ್ತದೆ.

ಮಕ್ಕಳನ್ನು ಕರೆದುಕೊಂಡು ಹೋದವರಿಗೆ ಒಂದು ಕೆಲಸ: ಇಲ್ಲಿನ ಕಟ್ಟಡಗಳ ಮರಗೆತ್ತನೆಯಲ್ಲಿ ಆಮೆಯ ಬೆನ್ನೇರಿ ಕುಳಿತ ಮೊಲವಿದೆ, ಅದನ್ನು ಹುಡುಕಿಸಿ. ಕಾಯಿಲೆ ಬಿದ್ದ ಕಡಲರಸನಿಗೆ ಮೊಲದ ಪಿತ್ತಜನಕಾಂಗ ಬೇಕಾಗಿ, ಆಮೆ ಮೊಲವನ್ನು ಪುಸಲಾಯಿಸಿ ನೀರಿನೊಳಗೆ ಕರೆದೊಯ್ಯುತ್ತದೆ. ಅದನ್ನು ನಾನು ಮನೆಯಲ್ಲೇ ಬಿಟ್ಟು ಬಂದೆ, ವಾಪಸು ಕರೆದುಕೊಂಡು ಹೋದರೆ ತಂದುಕೊಡುತ್ತೇನೆ ಎಂದು ಮೊಲ ಪಾರಾಗುತ್ತದೆ. ಪಂಚತಂತ್ರ ಓದಿದ ಮಗು ತಕ್ಷಣ ಹೇಳುತ್ತದೆ, ಇದು ಕೋತಿ ಮೊಸಳೆಯ ಕಥೆ ಎಂದು. ಹೌದು, ಅದೇ. ಜಾತಕ ಕಥೆಗಳ ಜೊತೆ ಬೌದ್ಧರ ಕೈಹಿಡಿದು ಚೀನಾ ದಾಟಿ ಅಲ್ಲಿಗೆ ಹೋಗಿ, ಕೋತಿ ಮೊಲವಾಗಿ, ಮೊಸಳೆ ಆಮೆಯಾಗಿ ನೆಲೆನಿಂತಿದೆ. ಅಷ್ಟು ದೂರದ ಊರಿನ ಸೂರಿನ ಕೆಳಗೆ ನಮ್ಮ ಅಜ್ಜಿ ಹೇಳಿದ ಕಥೆ ಕಂಡಾಗ ನನಗೆ ಕಣ್ಣು ತುಂಬಿ ಬಂದಿತ್ತು.

ಮಂಟಪದ ಮುಂದೆ ಕಲ್ಲಿನ ಆಮೆಯೊಂದು ಕುಳಿತಿದೆ, ಅದನ್ನೂ ದಾಟಿ ಹೋಗಬೇಡಿ. ಸಿದ್ಧರ ಬೆಟ್ಟಗಳನ್ನು ಸಮುದ್ರದಲ್ಲಿ ಆಮೆಗಳು ಹೊತ್ತು ನಿಂತಿವೆ ಎಂಬ ಹಳೆಯ ಚೀನೀ ಪುರಾಣಕ್ಕೆ ಸೇರಿದ್ದು ಅದು. ಮಂದರವನ್ನು ಹೊತ್ತ ಕೂರ್ಮ ನೆನಪಾಗದೆ ಇರುವುದಿಲ್ಲ.

ಉಯ್ಯಾಲೆ, ಮನೆ, ಗುಡಿ

ಇನ್ನೂ ಬೆಳಕಿದೆ. ಉದ್ಯಾನದೊಳಗೆ ಕಟ್ಟಿರುವ ಉಯ್ಯಾಲೆಯ ಹತ್ತಿರ ಹೋಗಿ, ಚಪ್ಪಲಿ ಗಟ್ಟಿಯಿದ್ದರೆ ನಿಂತು ಜೀಕಿ. ವೊಲ್ಮೆಯ ಮನೆ ಎಂದು ಕಟ್ಟಿರುವುದು ಕಥೆಯ ದೃಶ್ಯಗಳನ್ನು ಬೊಂಬೆಗಳಲ್ಲಿ ತೋರಿಸುವ ಇತ್ತೀಚಿನ ಮನೆ. ಹತ್ತು ನಿಮಿಷ ಸಾಕು.

ಛುನ್‌ಹ್ಯಾಂಗಳ ಗುಡಿಗೆ ಮಾತ್ರ ಸಮಯ ಕೊಡಿ. ಕಥೆಯಲ್ಲಿ ಹುಟ್ಟಿದ ಹೆಣ್ಣಿಗೆ ಗುಡಿ ಕಟ್ಟಿ, ಚಿತ್ರಪಟವಿಟ್ಟು, ವರ್ಷಕ್ಕೊಮ್ಮೆ ಪೂಜೆ ಸಲ್ಲಿಸುವ ಊರು ಇದು. 1931ರಲ್ಲಿ ಇದನ್ನು ಕಟ್ಟುವಾಗ ಕೈಯಿಂದ ಹಣ ಹಾಕಿ ದುಡಿದವರಲ್ಲಿ ಊರಿನ ಗಿಸೆಂಗರಿದ್ದರು. ಒಲ್ಲೆ ಎಂದ ಗಿಸೆಂಗಳ ಮಗಳಿಗೆ ಗಿಸೆಂಗರೇ ಗುಡಿ ಕಟ್ಟಿಸಿದರು ಎಂಬುದನ್ನು ನೆನೆದು ಒಳಗೆ ಹೋಗಿ. ಪತಿವ್ರತೆಯ ಗುಡಿ ಎಂದು ಫಲಕ ಹೇಳುತ್ತದೆ. ನನಗೆ ಆ ಪದ ಅವಳಿಗೆ ಚಿಕ್ಕದೆನಿಸುತ್ತದೆ.

ಒಳಗಿನ ಚಿತ್ರಪಟಕ್ಕೂ ಒಂದು ಚರಿತ್ರೆಯಿದೆ. ಬಹುಕಾಲ ಇಲ್ಲಿದ್ದದ್ದು ಕಿಮ್ ಉನ್‌ಹೊ ಎಂಬ ಕಲಾವಿದ ಬರೆದ ಚಿತ್ರ. ವಸಾಹತು ಕಾಲದಲ್ಲಿ ಆತ ಜಪಾನಿನ ಪರ ನಿಂತಿದ್ದ ಎಂಬ ಕಾರಣಕ್ಕೆ 2020ರಲ್ಲಿ ಅದನ್ನು ತೆಗೆದರು. 2023ರಲ್ಲಿ ಹೊಸ ಚಿತ್ರ ಬಂತು. ಇವಳು ಹದಿನಾರರ ಹುಡುಗಿಯ ಹಾಗೆ ಕಾಣುವುದಿಲ್ಲ, 1931ರಲ್ಲಿ ಮೊದಲಿಗೆ ಇಟ್ಟಿದ್ದ ಚಿತ್ರವನ್ನೇ ಇಡಿ ಎಂದು ಊರವರಲ್ಲಿ ಹಲವರು ದನಿಯೆತ್ತಿದರು. ಯಾರೂ ಕಾಣದ ಹುಡುಗಿಯ ಮುಖಕ್ಕಾಗಿ ಇಷ್ಟು ಜಗಳವಾಡುವ ಊರಿನ ಮೇಲೆ ನನಗೆ ಪ್ರೀತಿ ಹುಟ್ಟಿತು.

ಕತ್ತಲಾಗುವ ಹೊತ್ತಿಗೆ ಸೇತುವೆ

ದೀಪ ಹಚ್ಚುವ ಹೊತ್ತಾಯಿತು. ಈಗ ಓಜಕ್‌ಗ್ಯೊ ಸೇತುವೆಗೆ ಬನ್ನಿ. ಕಲ್ಲಿನ ನಾಲ್ಕು ಕಮಾನು, ಉದ್ದ 57 ಮೀಟರ್, ಅಗಲ 2.4 ಮೀಟರ್. ಹೆಸರಿನ ಅರ್ಥ ಕಾಗೆ ಮತ್ತು ಮ್ಯಾಗ್‌ಪೈ ಹಕ್ಕಿಗಳ ಸೇತುವೆ.

ದನಗಾಹಿ ಗ್ಯೊನು, ನೇಯುವ ಹುಡುಗಿ ಜಿಂಗ್ನ್ಯೊ. ಮದುವೆಯಾದ ಮೇಲೆ ಪ್ರೀತಿಯಲ್ಲಿ ಮುಳುಗಿ ಕೆಲಸ ಮರೆತರೆಂದು ಸ್ವರ್ಗದ ದೊರೆ ಇಬ್ಬರನ್ನೂ ಆಕಾಶಗಂಗೆಯ ಆಚೆ ಈಚೆ ದಡಕ್ಕೆ ಅಟ್ಟುತ್ತಾನೆ. ವರ್ಷಕ್ಕೆ ಒಂದು ರಾತ್ರಿ, ಏಳನೇ ಚಾಂದ್ರಮಾಸದ ಏಳನೇ ದಿನ ಮಾತ್ರ ಭೇಟಿ. ಅವತ್ತು ಕಾಗೆಗಳೂ ಮ್ಯಾಗ್‌ಪೈಗಳೂ ಹಾರಿಹೋಗಿ ರೆಕ್ಕೆಗೆ ರೆಕ್ಕೆ ಸೇರಿಸಿ ಸೇತುವೆಯಾಗುತ್ತವೆ. ಮರುದಿನ ಅವುಗಳ ನೆತ್ತಿಯ ಪುಕ್ಕ ಉದುರಿರುತ್ತದೆ, ಅವರಿಬ್ಬರೂ ತುಳಿದುಹೋದದ್ದರಿಂದ. ಆ ರಾತ್ರಿ ಮಳೆ ಬಂದರೆ ಅವರ ಕಣ್ಣೀರು. ಈ ಇಬ್ಬರೂ ನಮಗೆ ಗೊತ್ತಿರುವವರೇ: ಗ್ಯೊನು ಎಂದು ಈಗ ಸಾಮಾನ್ಯವಾಗಿ ತೋರಿಸುವ ನಕ್ಷತ್ರ ನಮ್ಮ ಶ್ರವಣ, ಜಿಂಗ್ನ್ಯೊ ನಮ್ಮ ಅಭಿಜಿತ್. ಚಿಲ್ಸೊಕ್ ಎಂಬ ಆ ದಿನ ಬಹಳ ವರ್ಷ ನಾಗರ ಪಂಚಮಿಯ ಬೆನ್ನಿಗೇ ಬರುತ್ತದೆ.

ಈ ಸೇತುವೆಯನ್ನು ವರ್ಷಕ್ಕೊಮ್ಮೆ ಜೋಡಿಯಾಗಿ ತುಳಿದರೆ ದಾಂಪತ್ಯ ಚೆನ್ನಾಗಿರುತ್ತದೆ ಎಂಬ ನಂಬಿಕೆಯಿದೆ. ವಯಸ್ಸಾದ ಗಂಡ ಹೆಂಡತಿಯರು ಕೈಹಿಡಿದುಕೊಂಡು ನಿಧಾನವಾಗಿ ನಡೆಯುವುದನ್ನು ನೋಡುತ್ತೀರಿ. ಅವರಿಗೆ ದಾರಿ ಬಿಟ್ಟು ನಿಲ್ಲಿ. ಕಲ್ಲು ಸವೆದಿದೆ, ಇಬ್ಬನಿ ಬಿದ್ದರೆ ಜಾರುತ್ತದೆ, ಬದಿಗಳು ತಗ್ಗು. ಫೋಟೊಗೆಂದು ಹಿಂದೆ ಹಿಂದೆ ಹೆಜ್ಜೆಯಿಡಬೇಡಿ.

ಸೇತುವೆಯಿಂದಿಳಿದು ವಾನ್‌ವೊಲ್‌ಜೊಂಗ್ ಕಡೆಗೆ ನಡೆಯಿರಿ. ಚಂದ್ರನನ್ನು ನೋಡಿ ನಲಿಯುವ ಮಂಟಪ ಎಂದು ಅದರ ಅರ್ಥ. ಹಳೆಯದಲ್ಲ, 20ನೇ ಶತಮಾನದ್ದು. ಹಬ್ಬದ ದಿನಗಳಲ್ಲಿ ಹಾಡು ಕುಣಿತಕ್ಕೆ ವೇದಿಕೆಯೂ ಇದೇ. ದೀಪಗಳ ಬೆಳಕಿನಲ್ಲಿ ಇದರ ಬಿಂಬ ನೀರಿನಲ್ಲಿ ಬೀಳುವ ನೋಟಕ್ಕಾಗಿಯೇ ಛಾಯಾಗ್ರಾಹಕರು ಬರುತ್ತಾರೆ. ಅವರು ಟ್ರೈಪಾಡ್ ಊರಿದ ಜಾಗ ಬಿಟ್ಟು ಸ್ವಲ್ಪ ಆಚೆ, ದೀಪ ಕಡಿಮೆ ಇರುವಲ್ಲಿ ಕುಳಿತುಕೊಳ್ಳಿ. ಮೊಬೈಲು ಚೀಲಕ್ಕೆ ಹಾಕಿ. ಕಣ್ಣು ಕತ್ತಲಿಗೆ ಒಗ್ಗಿದ ಮೇಲೆ ಮಂಟಪ, ದ್ವೀಪ, ಸೇತುವೆ, ನೀರಿನ ಚಂದ್ರ ಎಲ್ಲವೂ ಒಂದೇ ಚೌಕಟ್ಟಿನಲ್ಲಿ ಬಂದು ಕೂರುತ್ತವೆ.

ಊಟದ ಮಾತು

ನಮ್‌ವೊನ್ ಹೆಸರಾದದ್ದು ಛುವೊತಾಂಗ್ ಎಂಬ ಸಾರಿಗೆ. ಕೆಸರಿನಲ್ಲಿ ಬೆಳೆಯುವ ಸಣ್ಣ ಮೀನನ್ನು ಬೇಯಿಸಿ ಅರೆದು, ಒಣಗಿಸಿದ ಮೂಲಂಗಿ ಸೊಪ್ಪು, ಒಂದು ಬಗೆಯ ಕಾಡೆಳ್ಳಿನ ಪುಡಿ ಹಾಕಿ ಕುದಿಸಿದ ಗಟ್ಟಿ ಸಾರು. ಉದ್ಯಾನದ ಪಕ್ಕದ ಬೀದಿಯಲ್ಲಿ ಸಾಲು ಸಾಲಾಗಿ ಇದರ ಹೋಟೆಲುಗಳಿವೆ. ಮೇಜಿನ ಮೇಲಿನ ಪುಟ್ಟ ಡಬ್ಬಿಯಲ್ಲಿರುವ ಕಂದುಪುಡಿಯನ್ನು ಚಿಟಿಕೆಯಷ್ಟು ಉದುರಿಸಿ ನೋಡಿ. ನಾಲಿಗೆ ಜುಮ್ಮೆನ್ನುತ್ತದೆ. ಅದು ನಮ್ಮ ಮಲೆನಾಡಿನ, ಕರಾವಳಿಯ ಜುಮ್ಮನಕಾಯಿಯ ಹತ್ತಿರದ ನೆಂಟ. ಮೀನುಸಾರಿಗೆ ಅದನ್ನು ಹಾಕುವುದರಲ್ಲೂ ಎರಡು ಸೀಮೆಗಳ ನಾಲಿಗೆ ಒಂದೇ.

ಸಸ್ಯಾಹಾರಿಗಳಿಗೆ ಕಷ್ಟವಿದೆ, ಸುಳ್ಳು ಹೇಳುವುದಿಲ್ಲ. ಜಿರಿಸಾನ್ ಬೆಟ್ಟದ ಸೊಪ್ಪುಗಳನ್ನು ಅನ್ನದ ಮೇಲೆ ಜೋಡಿಸಿ ಕೊಡುವ ಸಾನ್‌ಛೆ ಬಿಬಿಂಬಾಪ್ ಕೇಳಿ. "ಗೋಗಿ ಪ್ಪೆ ಜುಸೆಯೊ" ಅಂದರೆ ಮಾಂಸ ಬಿಟ್ಟು ಕೊಡಿ ಎಂದರ್ಥ, ಮೊಟ್ಟೆಗೆ "ಗ್ಯೆರಾನ್ ಪ್ಪೆ ಜುಸೆಯೊ". ಜೊತೆಗೆ ಬರುವ ಕಿಮ್ಛಿಯಲ್ಲಿ ಉಪ್ಪುಹಾಕಿ ಕೊಳೆಸಿದ ಸೀಗಡಿ ಅಥವಾ ಮೀನಿನ ರಸ ಸಾಮಾನ್ಯ, ಸಾರಿನ ಬುಡದಲ್ಲಿ ಒಣಮೀನಿನ ನೀರು ಸಾಮಾನ್ಯ. ಕಟ್ಟುನಿಟ್ಟಿನವರು ಇವೆರಡನ್ನೂ ಬಿಟ್ಟುಬಿಡಿ. ಚಟ್ನಿಪುಡಿಯ ಡಬ್ಬವೊಂದು ಚೀಲದಲ್ಲಿದ್ದರೆ ಬಿಸಿ ಅನ್ನ ಎಲ್ಲ ಕಡೆ ಸಿಗುತ್ತದೆ.

ಮರುದಿನ

ಉಳಿದುಕೊಂಡವರಿಗೆ ಹೊಳೆಯ ಆಚೆ ದಡದಲ್ಲಿ ಛುನ್‌ಹ್ಯಾಂಗ್ ಥೀಮ್ ಪಾರ್ಕ್ ಇದೆ, 2000ನೇ ಇಸವಿಯ ಆ ಚಿತ್ರದ ಸೆಟ್ ಅಲ್ಲೇ ಉಳಿದಿದೆ. ಧಾರಾವಾಹಿಯ ಅಭಿಮಾನಿಗಳು ಊರಾಚೆಯ ಸೊದೊ ರೈಲು ನಿಲ್ದಾಣಕ್ಕೆ ಹೋಗಲಿ. ಹಳಿ ಬೇರೆಡೆಗೆ ಸರಿದ ಮೇಲೆ ಸುಮ್ಮನೆ ನಿಂತಿರುವ ಮರದ ನಿಲ್ದಾಣ ಅದು, 2018ರ ಮಿಸ್ಟರ್ ಸನ್‌ಶೈನ್ ಧಾರಾವಾಹಿಯಲ್ಲಿ ನೋಡಿದ್ದೀರಿ.

ಎರಡರಲ್ಲಿ ಒಂದನ್ನು ಬಿಡಬೇಕಾಗಿ ಬಂದರೆ ಎರಡನ್ನೂ ಬಿಟ್ಟು ಪಾನ್ಸೊರಿ ಕೇಳಿ. ಒಬ್ಬ ಹಾಡುಗಾರ್ತಿ, ಕೈಯಲ್ಲಿ ಬೀಸಣಿಗೆ. ಪಕ್ಕದಲ್ಲಿ ಒಬ್ಬ ಮದ್ದಳೆಗಾರ. ಅಷ್ಟೇ ಮೇಳ. ಹರಿಕಥೆ ಕೇಳಿ ಬೆಳೆದವರಿಗೆ ಕೂಡಲೇ ಹಿಡಿಸುತ್ತದೆ, ಏಕೆಂದರೆ ಒಬ್ಬರೇ ಹಾಡುತ್ತಾರೆ, ಮಾತಾಡುತ್ತಾರೆ, ಅಳುತ್ತಾರೆ, ಬಂಗ್ಜಾನೂ ಆಗುತ್ತಾರೆ, ವೊಲ್ಮೆಯೂ ಆಗುತ್ತಾರೆ. ಛುನ್‌ಹ್ಯಾಂಗಳ ಕಥೆಯನ್ನು ಪೂರ್ತಿ ಹಾಡಿದರೆ ಎಂಟು ಗಂಟೆಯವರೆಗೂ ಹೋಗುತ್ತದೆ. ಉಳಿದುಬಂದ ಐದು ಪಾನ್ಸೊರಿ ಕಥನಗಳಲ್ಲಿ ಇದೂ ಒಂದು, ಯುನೆಸ್ಕೊ ಈ ಕಲೆಯನ್ನು 2003ರಲ್ಲಿ ಮಾನವಕುಲದ ಪರಂಪರೆ ಎಂದು ಸಾರಿತು. ಏರುದನಿಯ ಪೂರ್ವದ ಶೈಲಿಯನ್ನು ಕಟ್ಟಿದ ಸೊಂಗ್ ಹುಂಗ್‌ರೊಕ್ ನಮ್‌ವೊನ್‌ನ ಉನ್‌ಬೊಂಗ್‌ನವನು. 1992ರಿಂದ ಊರಿನಲ್ಲಿ ರಾಷ್ಟ್ರೀಯ ಜಾನಪದ ಸಂಗೀತ ಕೇಂದ್ರವೇ ಇದೆ, ಹೋಗುವ ಮುಂಚೆ ಅದರ ಕಾರ್ಯಕ್ರಮ ಪಟ್ಟಿ ನೋಡಿ ದಿನ ಹೊಂದಿಸಿಕೊಳ್ಳಿ. ಬೆಚ್ಚನೆಯ ತಿಂಗಳುಗಳ ವಾರಾಂತ್ಯದಲ್ಲಿ ಬ್ಯೊನ್ ಹಕ್‌ದೋ ಊರಿಗೆ ಬರುವ ಮೆರವಣಿಗೆಯನ್ನು ಉದ್ಯಾನದ ಸುತ್ತ ಆಡಿ ತೋರಿಸುವುದೂ ಉಂಟು.

ಪಾನ್ಸೊರಿಯಲ್ಲಿ ಕೇಳುಗರು ಬಾಯಿಮುಚ್ಚಿ ಕೂರುವಂತಿಲ್ಲ. ನಾವು ಭಲೇ ಅನ್ನುವಲ್ಲಿ ಅವರು "ಒಲ್ಸಿಗು!" ಎನ್ನುತ್ತಾರೆ, "ಜೊತ್ಥಾ!" ಎನ್ನುತ್ತಾರೆ. ಮದ್ದಳೆಗಾರ ಶುರುಮಾಡುವವರೆಗೆ ಕಾಯಿರಿ, ಪಕ್ಕದ ಅಜ್ಜಿ ಅನ್ನುವವರೆಗೆ ಕಾಯಿರಿ. ಆಮೇಲೆ ನೀವೂ ಅನ್ನಿ. ಹತ್ತನೇ ಏಟಿನ ಹಾಡು ಮುಗಿದಾಗ ಸಭೆಯಲ್ಲಿ ಒಂದು ಕ್ಷಣ ಯಾರೂ ಏನೂ ಅನ್ನುವುದಿಲ್ಲ. ಅಲ್ಲಿ ಮಾತ್ರ ನೀವೂ ಸುಮ್ಮನಿರಿ.